ಝಡ್‌ಶೆಲ್‌ನಲ್ಲಿ ಪ್ಲಗಿನ್ ಮತ್ತು ಫಂಕ್ಷನ್: ಬೇಕಾದ್ದನ್ನು ಸೇರಿಸುವುದು, ಬೇಡದ್ದನ್ನು ತೆಗೆಯುವುದು

ಟರ್ಮಿನಲ್ ಬಳಸಲು ಶುರು ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ‘ಓ ಮೈ ಝಡ್‌ಶೆಲ್ ಹಾಕಿಕೊಂಡ ಮೇಲೆ ಟರ್ಮಿನಲ್ ತೆರೆಯೋಕೆ ಯಾಕಿಷ್ಟು ಹೊತ್ತು?’ ‘ಪ್ಲಗಿನ್ ಹೆಸರು ಸೇರಿಸಿದೆ, ಸಿಗ್ತಿಲ್ಲ ಅಂತ ಬರ್ತಿದೆ, ಏನ್ಮಾಡ್ಲಿ?’ ‘ನಾನೇ ಬರೆದ ಫಂಕ್ಷನ್‌ಗಳನ್ನು ಎಲ್ಲಿ ಇಡಬೇಕು?’

ಮೂರೂ ತೊಂದರೆ ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ನಮ್ಮ ಶೆಲ್‌ಗೆ ಯಾವುದು ಎಲ್ಲಿಂದ ಬಂದು ಸೇರಿಕೊಂಡಿದೆ ಎಂಬ ಲೆಕ್ಕ ನಮ್ಮ ಹತ್ತಿರ ಇರುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಸೇರಿಸಿದ ಪ್ರತಿಯೊಂದನ್ನೂ ಒಂದೇ ಸಾಲು ಬದಲಿಸಿ ತೆಗೆದುಹಾಕಲು ಬರಬೇಕು. ತೆಗೆದಾಗ ಉಳಿದದ್ದು ಕೆಡಬಾರದು.

ಕಮಾಂಡ್‌ಗಳನ್ನು ಓದುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್‌ನ ಚಿಕ್ಕ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಮೊದಲು ಕೆಲವು ಪದಗಳು

ಶೆಲ್ ಅಂದರೆ ನೀವು ಟರ್ಮಿನಲ್‌ನಲ್ಲಿ ಟೈಪ್ ಮಾಡಿದ್ದನ್ನು ಓದಿ ಕೆಲಸ ಮಾಡಿಸುವ ಪ್ರೋಗ್ರಾಂ. ಲಿನಕ್ಸ್‌ನಲ್ಲಿ ಬ್ಯಾಷ್ ಹೆಚ್ಚು ಬಳಕೆಯಲ್ಲಿದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಝಡ್‌ಶೆಲ್ಲೇ ಡೀಫಾಲ್ಟ್ ಶೆಲ್. ಝಡ್‌ಶೆಲ್ ಹೊಸದೇನಲ್ಲ. ಪಾಲ್ ಫಾಲ್‌ಸ್ಟಾಡ್ ಅದನ್ನು 1990ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆದರು.

ಏಲಿಯಾಸ್ ಅಂದರೆ ಉದ್ದದ ಕಮಾಂಡ್‌ಗೆ ಇಟ್ಟ ಅಡ್ಡಹೆಸರು. ಫಂಕ್ಷನ್ ಅಂದರೆ ಒಂದು ಹೆಸರಿನ ಕೆಳಗೆ ಸೇರಿಸಿಟ್ಟ ಹಲವು ಸಾಲುಗಳು. ಅದಕ್ಕೆ ಫೈಲ್ ಹೆಸರು, ಫೋಲ್ಡರ್ ಹೆಸರು ಮುಂತಾದ ಮಾಹಿತಿ ಕೊಡಬಹುದು. ಪ್ಲಗಿನ್ ಅಂದರೆ ಬೇರೆ ಯಾರೋ ಬರೆದಿಟ್ಟ ಏಲಿಯಾಸ್, ಫಂಕ್ಷನ್, ಟ್ಯಾಬ್ ಒತ್ತಿದಾಗ ಬರುವ ಸಲಹೆಗಳ ಕಟ್ಟು. ಇವನ್ನೆಲ್ಲ ಒಂದು ಕಡೆ ನೋಡಿಕೊಳ್ಳುವುದು ಫ್ರೇಮ್‌ವರ್ಕ್. ಓ ಮೈ ಝಡ್‌ಶೆಲ್ ಅಂಥದ್ದೊಂದು. ರಾಬಿ ರಸೆಲ್ ಅದನ್ನು 2009ರಲ್ಲಿ ಶುರು ಮಾಡಿದರು.

ಇನ್ನು ಡಾಟ್ ಝಡ್‌ಎಸ್‌ಎಚ್‌ಆರ್‌ಸಿ (ಝಡ್‌ಎಸ್‌ಎಚ್ ಎಂಬುದು ಝಡ್‌ಶೆಲ್‌ನ ಕಮಾಂಡ್ ಹೆಸರು). ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಫೈಲ್ ಇದು. ಟರ್ಮಿನಲ್ ತೆರೆದಾಗಲೆಲ್ಲ ಶೆಲ್ ಇದನ್ನು ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಇಲ್ಲಿ ಯಾವ ಸಾಲು ಮೊದಲು, ಯಾವುದು ಆಮೇಲೆ ಎಂಬುದು ತುಂಬ ಮುಖ್ಯ. ಮುಂದೆ ಬರುವ ಅರ್ಧ ತೊಂದರೆಗಳು ಇದರಿಂದಲೇ.

ನಿಮ್ಮ ಹತ್ತಿರ ಝಡ್‌ಶೆಲ್, ಗಿಟ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ), ಓ ಮೈ ಝಡ್‌ಶೆಲ್ ಮತ್ತು ಒಂದು ಸಾದಾ ಎಡಿಟರ್ ಇದ್ದರೆ ಸಾಕು. ವರ್ಡ್‌ನಂಥದ್ದು ಬೇಡ. ಅದು ನೇರ ಉದ್ಧರಣ ಚಿಹ್ನೆಗಳನ್ನು ಬಾಗಿದ ಚಿಹ್ನೆ ಮಾಡಿಬಿಡುತ್ತದೆ, ಶೆಲ್‌ಗೆ ಅದು ಅರ್ಥವಾಗುವುದಿಲ್ಲ.

1. ಮೊದಲು ಪಾರಾಗುವ ದಾರಿ ಮಾಡಿಕೊಳ್ಳಿ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಸೆಟ್ಟಿಂಗ್ ಫೈಲ್‌ನ ಒಂದು ನಕಲು ತೆಗೆದಿಡಿ:

ಸಿಪಿ ~/.ಝಡ್‌ಎಸ್‌ಎಚ್‌ಆರ್‌ಸಿ ~/.ಝಡ್‌ಎಸ್‌ಎಚ್‌ಆರ್‌ಸಿ.ಬ್ಯಾಕ್

ಓ ಮೈ ಝಡ್‌ಶೆಲ್ ಹಾಕುವಾಗ ನಿಮ್ಮ ಹಳೆಯ ಫೈಲ್ ಕಳೆದುಹೋಯಿತು ಅನ್ನಿಸಿದರೆ ಗಾಬರಿ ಬೇಡ. ಇನ್‌ಸ್ಟಾಲರ್ ಅದರ ಹೆಸರಿನ ಕೊನೆಗೆ ‘ಪ್ರೀ-ಓ-ಮೈ-ಝಡ್‌ಎಸ್‌ಎಚ್’ ಎಂದು ಸೇರಿಸಿ ಪಕ್ಕಕ್ಕೆ ಇಟ್ಟಿರುತ್ತದೆ.

ಬದಲಾವಣೆ ಮಾಡುವಾಗ ಈಗ ತೆರೆದಿರುವ ವಿಂಡೋ ಮುಚ್ಚಬೇಡಿ. ಹೊಸದೊಂದು ವಿಂಡೋ ತೆರೆದು ಅಲ್ಲಿ ಪರೀಕ್ಷೆ ಮಾಡಿ. ಹೊಸದು ಕೆಟ್ಟರೆ ಹಳೆಯದರಿಂದ ಸರಿಪಡಿಸಬಹುದು. ಎರಡೂ ಕೈಕೊಟ್ಟರೆ ‘ಝಡ್‌ಎಸ್‌ಎಚ್ -ಎಫ್’ ಎಂದು ಕೊಡಿ. ನಿಮ್ಮ ಡಾಟ್ ಝಡ್‌ಎಸ್‌ಎಚ್‌ಆರ್‌ಸಿಯನ್ನು ಓದದೆಯೇ ಬರಿಯ ಶೆಲ್ ತೆರೆದುಕೊಳ್ಳುತ್ತದೆ.

ಫೈಲ್ ಉಳಿಸಿದ ಮೇಲೆ ‘ಝಡ್‌ಎಸ್‌ಎಚ್ -ಎನ್ ~/.ಝಡ್‌ಎಸ್‌ಎಚ್‌ಆರ್‌ಸಿ’ ಕೊಟ್ಟರೆ, ಏನನ್ನೂ ಓಡಿಸದೆ, ಬರವಣಿಗೆಯಲ್ಲಿ ತಪ್ಪಿದೆಯೇ ಎಂದು ಮಾತ್ರ ನೋಡುತ್ತದೆ. ಮುಚ್ಚದೆ ಬಿಟ್ಟ ಆವರಣ, ಮುಗಿಸದ ‘ಇಫ್’ ಇಲ್ಲೇ ಸಿಕ್ಕಿಬೀಳುತ್ತವೆ.

2. ಪ್ಲಗಿನ್ ಸಾಲನ್ನು ಸರಿಯಾಗಿ ಬರೆಯಿರಿ

ಫೈಲ್ ತೆರೆದು ‘ಪ್ಲಗಿನ್ಸ್’ ಎಂದು ಹುಡುಕಿ. ಹೊಸದಾಗಿ ಹಾಕಿದವರಿಗೆ ‘ಪ್ಲಗಿನ್ಸ್=(ಗಿಟ್)’ ಎಂದು ಕಾಣುತ್ತದೆ. ಬೇಕಾದ ಹೆಸರನ್ನು ಆವರಣದ ಒಳಗೆ ಸೇರಿಸಿ:

ಪ್ಲಗಿನ್ಸ್=(ಗಿಟ್ ಝಡ್ ಸುಡೋ ಎಕ್ಸ್‌ಟ್ರಾಕ್ಟ್)

ಜನ ಎಡವುವುದು ಇಲ್ಲೇ ಜಾಸ್ತಿ. ಹೆಸರುಗಳ ನಡುವೆ ಬರೀ ಜಾಗ ಬಿಡಬೇಕು, ಅಲ್ಪವಿರಾಮ ಹಾಕಬಾರದು. ಹಾಕಿದರೆ ಅದೂ ಹೆಸರಿನ ಭಾಗವಾಗಿ, ‘ಗಿಟ್,’ ಎಂಬ ಪ್ಲಗಿನ್ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಸಂದೇಶದಲ್ಲಿ ಆ ಅಲ್ಪವಿರಾಮ ಕಾಣುತ್ತದೆ, ಆದರೆ ಕಣ್ಣು ಅದನ್ನು ದಾಟಿ ಹೋಗಿಬಿಡುತ್ತದೆ. ಸಮ ಚಿಹ್ನೆಯ ಎರಡೂ ಬದಿ ಜಾಗ ಇರಬಾರದು. ಇದೇ ಸಾಲು ಫೈಲ್‌ನಲ್ಲಿ ಎರಡು ಸಲ ಇದ್ದರೆ ಕೊನೆಯದು ಮೊದಲಿನದನ್ನು ಅಳಿಸುತ್ತದೆ. ಎಲ್ಲಿಂದಲೋ ನಕಲು ಮಾಡಿ ಕೊನೆಗೆ ಅಂಟಿಸಿದವರಿಗೆ ಹೀಗಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಈ ಸಾಲು ‘ಸೋರ್ಸ್’ (ಈ ಫೈಲ್ ಓದು ಎಂಬ ಕಮಾಂಡ್) ಎಂದು ಶುರುವಾಗಿ ‘ಓ-ಮೈ-ಝಡ್‌ಎಸ್‌ಎಚ್.ಎಸ್‌ಎಚ್’ ಎಂದು ಮುಗಿಯುವ ಸಾಲಿಗಿಂತ ಮೇಲೆ ಇರಬೇಕು. ಫ್ರೇಮ್‌ವರ್ಕ್ ಎದ್ದೇಳುವುದು ಆ ಸಾಲಿನಲ್ಲಿ. ಆಮೇಲೆ ಪ್ಲಗಿನ್ ಹೆಸರು ಹೇಳಿದರೆ ಅದು ಕೇಳಿಸಿಕೊಳ್ಳುವುದಿಲ್ಲ, ತಪ್ಪು ಎಂದೂ ಹೇಳುವುದಿಲ್ಲ.

ಫೈಲ್ ಮುಟ್ಟಲು ಭಯವಾದರೆ ‘ಓಎಮ್‌ಝಡ್’ ಎಂಬ ಕಮಾಂಡ್ ಇದೆ. ‘ಓಎಮ್‌ಝಡ್ ಪ್ಲಗಿನ್ ಲಿಸ್ಟ್’ ಎಂದರೆ ಇರುವ ಎಲ್ಲ ಪ್ಲಗಿನ್‌ಗಳ ಪಟ್ಟಿ. ‘ಇನ್ಫೋ’ ಎಂದರೆ ಒಂದರ ವಿವರ. ‘ಎನೇಬಲ್’, ‘ಡಿಸೇಬಲ್’ ನಿಮ್ಮ ಪರವಾಗಿ ಫೈಲ್ ತಿದ್ದುತ್ತವೆ. ನನಗೆ ತುಂಬ ಇಷ್ಟವಾದದ್ದು ‘ಓಎಮ್‌ಝಡ್ ಪ್ಲಗಿನ್ ಲೋಡ್’. ಇದು ಈಗ ತೆರೆದಿರುವ ವಿಂಡೋಗೆ ಮಾತ್ರ ಪ್ಲಗಿನ್ ತರುತ್ತದೆ. ಒಂದು ದಿನ ಬಳಸಿ ನೋಡಿ. ಹಿಡಿಸದಿದ್ದರೆ ವಿಂಡೋ ಮುಚ್ಚಿದರೆ ಆಯಿತು, ತೆಗೆಯುವ ಕೆಲಸವೇ ಇಲ್ಲ. ಹೊಸ ಪ್ಲಗಿನ್ ಯಾವುದಾದರೂ ಮೊದಲು ಹೀಗೇ ನೋಡಿ ಎಂದು ನಾನು ಹೇಳುತ್ತೇನೆ.

ಎಷ್ಟು ಪ್ಲಗಿನ್ ಬೇಕು? ಹೆಚ್ಚಿನವರಿಗೆ ಐದಾರು ಸಾಕು. ‘ಝಡ್’ ನೀವು ಹೆಚ್ಚು ಓಡಾಡುವ ಫೋಲ್ಡರ್‌ಗಳನ್ನು ನೆನಪಿಟ್ಟುಕೊಂಡು ಹೆಸರಿನ ತುಣುಕು ಕೊಟ್ಟರೂ ಅಲ್ಲಿಗೆ ಕರೆದೊಯ್ಯುತ್ತದೆ. ‘ಸುಡೋ’ ಇದ್ದರೆ ಎಸ್ಕೇಪ್ ಕೀಲಿಯನ್ನು ಎರಡು ಸಲ ಒತ್ತಿದಾಗ ಸಾಲಿನ ಮುಂದೆ ಸುಡೋ, ಅಂದರೆ ಅಡ್ಮಿನ್ ಹಕ್ಕಿನಲ್ಲಿ ಓಡಿಸು ಎಂಬ ಕಮಾಂಡ್, ಬಂದು ಕೂರುತ್ತದೆ. ‘ಎಕ್ಸ್‌ಟ್ರಾಕ್ಟ್’ ಜಿಪ್, ಟಾರ್ ಯಾವುದೇ ಇರಲಿ ಒಂದೇ ಕಮಾಂಡ್‌ನಲ್ಲಿ ಬಿಚ್ಚುತ್ತದೆ. ‘ಗಿಟ್’ ಪ್ಲಗಿನ್ ಬಗ್ಗೆ ಮಾತ್ರ ಒಂದು ಮಾತು: ಅದು ನೂರಕ್ಕೂ ಹೆಚ್ಚು ಏಲಿಯಾಸ್ ತರುತ್ತದೆ. ಗಿಟ್ ಈಗಷ್ಟೇ ಕಲಿಯುತ್ತಿರುವವರು ಪೂರ್ತಿ ಕಮಾಂಡ್ ಬರೆದೇ ಅಭ್ಯಾಸ ಮಾಡಿ. ಬೇರೆಯವರ ಸಿಸ್ಟಂನಲ್ಲಿ, ಸರ್ವರ್‌ನಲ್ಲಿ ಕೂತಾಗ ಈ ಅಡ್ಡಹೆಸರು ಯಾವುದೂ ಇರುವುದಿಲ್ಲ.

ಬದಲಾವಣೆ ಆದ ಮೇಲೆ ‘ಎಕ್ಸೆಕ್ ಝಡ್‌ಎಸ್‌ಎಚ್’ ಅಥವಾ ‘ಓಎಮ್‌ಝಡ್ ರಿಲೋಡ್’ ಕೊಡಿ. ಅದೇ ಫೈಲನ್ನು ಮತ್ತೆ ‘ಸೋರ್ಸ್’ ಮಾಡುವುದು ಹಲವರ ರೂಢಿ. ಅದರಲ್ಲಿ ಹಳೆಯ ಏಲಿಯಾಸ್‌ಗಳು ಹಾಗೇ ಉಳಿದುಬಿಡುತ್ತವೆ. ‘ಪ್ಲಗಿನ್ ತೆಗೆದರೂ ಹೋಗ್ತಿಲ್ಲ’ ಎನ್ನುವವರಲ್ಲಿ ಹಲವರಿಗೆ ಆಗಿರುವುದು ಇದೇ.

3. ಹೊರಗಿನ ಪ್ಲಗಿನ್ ತರುವುದು

ಟೈಪ್ ಮಾಡುವಾಗ ಹಳೆಯ ಕಮಾಂಡ್ ಮಸುಕಾಗಿ ತೋರಿಸುವ ಝಡ್‌ಎಸ್‌ಎಚ್-ಆಟೋಸಜೆಶನ್ಸ್, ತಪ್ಪು ಕಮಾಂಡ್‌ಗೆ ಕೆಂಪು ಬಣ್ಣ ಕೊಡುವ ಝಡ್‌ಎಸ್‌ಎಚ್-ಸಿಂಟ್ಯಾಕ್ಸ್-ಹೈಲೈಟಿಂಗ್, ಇವೆರಡನ್ನು ಎಲ್ಲರೂ ಕೇಳುತ್ತಾರೆ. ಇವು ಓ ಮೈ ಝಡ್‌ಶೆಲ್ ಜೊತೆ ಬರುವುದಿಲ್ಲ. ಸುಮ್ನೆ ಹೆಸರು ಸೇರಿಸಿದರೆ ಸಿಗಲಿಲ್ಲ ಅಂತಲೇ ಬರುತ್ತದೆ.

ಗಿಟ್‌ಹಬ್‌ನಲ್ಲಿ ಝಡ್‌ಎಸ್‌ಎಚ್-ಯೂಸರ್ಸ್ ಎಂಬ ಖಾತೆಯಲ್ಲಿ ಇವೆರಡೂ ಇವೆ. ‘ಗಿಟ್ ಕ್ಲೋನ್’ ಮಾಡಿ, ಓ ಮೈ ಝಡ್‌ಶೆಲ್ ಫೋಲ್ಡರ್‌ನ ಒಳಗಿನ ‘ಕಸ್ಟಮ್/ಪ್ಲಗಿನ್ಸ್’ ಎಂಬ ಜಾಗದಲ್ಲಿ ಇಡಿ. ಫೋಲ್ಡರ್ ಹೆಸರು ಮತ್ತು ಪ್ಲಗಿನ್ ಸಾಲಿನಲ್ಲಿ ಬರೆಯುವ ಹೆಸರು ಒಂದೇ ಆಗಿರಬೇಕು. ಜಿಪ್ ಆಗಿ ಇಳಿಸಿಕೊಂಡರೆ ಫೋಲ್ಡರ್ ಹೆಸರಿನ ಕೊನೆಗೆ ‘-ಮಾಸ್ಟರ್’ ಸೇರಿಕೊಂಡಿರುತ್ತದೆ. ಅದನ್ನು ತೆಗೆಯಿರಿ.

ಸಿಂಟ್ಯಾಕ್ಸ್-ಹೈಲೈಟಿಂಗ್ ಅನ್ನು ಪಟ್ಟಿಯ ಕೊನೆಗೆ ಇಡಿ. ಉಳಿದ ಪ್ಲಗಿನ್‌ಗಳು ಟೈಪಿಂಗ್ ಸಾಲಿನಲ್ಲಿ ಮಾಡಿದ ಬದಲಾವಣೆಗಳನ್ನೆಲ್ಲ ಅದು ಹಿಡಿದುಕೊಳ್ಳಬೇಕು. ಮೊದಲೇ ಬಂದರೆ ಆಮೇಲೆ ಸೇರಿದವು ಅದಕ್ಕೆ ಕಾಣುವುದಿಲ್ಲ.

ಒಂದು ಗಂಭೀರ ಎಚ್ಚರಿಕೆ. ಪ್ಲಗಿನ್ ಎಂದರೆ ಕೋಡ್. ನಿಮ್ಮ ಹೆಸರಿನಲ್ಲಿ, ನಿಮ್ಮ ಹಕ್ಕುಗಳೊಂದಿಗೆ, ಟರ್ಮಿನಲ್ ತೆರೆದಾಗಲೆಲ್ಲ ಓಡುತ್ತದೆ. ನಿಮ್ಮ ಫೈಲ್ ಅಳಿಸಬಲ್ಲದು, ಕೀಲಿಗಳನ್ನು ಓದಬಲ್ಲದು. ಆದ್ದರಿಂದ ಹೆಸರು ಗೊತ್ತಿಲ್ಲದ ಕಡೆಯಿಂದ ತರುವ ಮೊದಲು ಒಳಗಿನ ಫೈಲ್ ತೆರೆದು ಓದಿ. ಹೆಚ್ಚಿನವು ಚಿಕ್ಕವು, ಓದಲು ಹತ್ತು ನಿಮಿಷ ಸಾಕು. ಒಳಗೆ ಇಂಟರ್ನೆಟ್‌ನಿಂದ ಏನನ್ನೋ ಇಳಿಸಿ ನೇರವಾಗಿ ಓಡಿಸುವ ಸಾಲು ಕಂಡರೆ ಬಿಟ್ಟುಬಿಡಿ.

ಇನ್ನೊಂದು ವಿಷಯ ಗಮನದಲ್ಲಿರಲಿ. ‘ಓಎಮ್‌ಝಡ್ ಅಪ್‌ಡೇಟ್’ ಕೊಟ್ಟಾಗ ಹೊರಗಿನ ಪ್ಲಗಿನ್‌ಗಳು ಹೊಸದಾಗುವುದಿಲ್ಲ. ಆ ಫೋಲ್ಡರ್‌ಗೆ ಹೋಗಿ ನೀವೇ ‘ಗಿಟ್ ಪುಲ್’ ಮಾಡಬೇಕು.

4. ನಿಮ್ಮದೇ ಫಂಕ್ಷನ್‌ಗಳಿಗೆ ಬೇರೆ ಮನೆ

ಪ್ಲಗಿನ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ನೀವು ನಿಮಗಾಗಿ ಬರೆದುಕೊಂಡ ಫಂಕ್ಷನ್‌ಗಳೇ. ಮೊದಲು ಅವುಗಳ ಜಾಗ ನೋಡೋಣ.

ಓ ಮೈ ಝಡ್‌ಶೆಲ್ ಜೊತೆ ಬಂದ ಫೈಲ್‌ಗಳನ್ನು ಯಾವತ್ತೂ ತಿದ್ದಬೇಡಿ. ಅದು ಗಿಟ್ ಮೂಲಕ ಅಪ್‌ಡೇಟ್ ಆಗುವುದರಿಂದ ನಿಮ್ಮ ತಿದ್ದುಪಡಿ ಮತ್ತು ಅವರ ತಿದ್ದುಪಡಿ ಎದುರಾಗಿ ಅಪ್‌ಡೇಟ್ ನಿಂತುಹೋಗಬಹುದು. ‘ಕಸ್ಟಮ್’ ಫೋಲ್ಡರ್ ಮಾತ್ರ ಅದರಿಂದ ಹೊರಗೆ. ಅಲ್ಲಿ ‘.ಝಡ್‌ಎಸ್‌ಎಚ್’ ಎಂದು ಮುಗಿಯುವ ಯಾವ ಫೈಲ್ ಇಟ್ಟರೂ ತಾನಾಗಿ ಓದಿಕೊಳ್ಳುತ್ತದೆ.

ನನ್ನ ಸಲಹೆ ಇನ್ನೂ ಒಂದು ಹೆಜ್ಜೆ ಮುಂದೆ. ಕಸ್ಟಮ್ ಫೋಲ್ಡರನ್ನೇ ಹೊರಗೆ ತನ್ನಿ. ಹೋಮ್‌ನಲ್ಲಿ ‘ಮೈಶೆಲ್’ ಎಂಬ ಫೋಲ್ಡರ್ ಮಾಡಿ, ಆ ‘ಸೋರ್ಸ್’ ಸಾಲಿಗಿಂತ ಮೇಲೆ ಹೀಗೆ ಬರೆಯಿರಿ (ಝಡ್‌ಎಸ್‌ಎಚ್_ಕಸ್ಟಮ್ ಮತ್ತು ಹೋಮ್ ಎರಡೂ ದೊಡ್ಡ ಅಕ್ಷರದಲ್ಲಿ):

ಝಡ್‌ಎಸ್‌ಎಚ್_ಕಸ್ಟಮ್=$ಹೋಮ್/ಮೈಶೆಲ್

3ನೇ ಹಂತದಲ್ಲಿ ತಂದ ಪ್ಲಗಿನ್‌ಗಳನ್ನೂ ಈಗ ‘ಮೈಶೆಲ್/ಪ್ಲಗಿನ್ಸ್’ಗೆ ಸಾಗಿಸಿ. ಒಳಗೆ ವಿಷಯಕ್ಕೊಂದು ಫೈಲ್ ಇರಲಿ: ಫೋಲ್ಡರ್ ಕೆಲಸಕ್ಕೆ ಒಂದು, ಗಿಟ್‌ಗೆ ಒಂದು, ಆಫೀಸಿಗೆ ಒಂದು. ಒಂದು ಗುಂಪು ಬೇಡವಾದಾಗ ಆ ಫೈಲ್‌ನ ಹೆಸರಿನ ಕೊನೆಗೆ ‘.ಆಫ್’ ಎಂದು ಸೇರಿಸಿದರೆ ಸಾಕು, ಓದುವುದನ್ನು ನಿಲ್ಲಿಸುತ್ತದೆ.

ಈಗ ಒಂದು ಫಂಕ್ಷನ್ ಬರೆಯೋಣ. ಫೋಲ್ಡರ್ ಮಾಡಿ ಅದರೊಳಗೇ ಹೋಗುವುದು:

ಎಮ್‌ಕೆಸಿಡಿ() {
  ಎಮ್‌ಕೆಡಿಐಆರ್ -ಪಿ "$1" && ಸಿಡಿ "$1"
}

ಡಾಲರ್ ಒಂದು ಎಂದರೆ ಫಂಕ್ಷನ್‌ಗೆ ನೀವು ಕೊಟ್ಟ ಮೊದಲ ಹೆಸರು. ಎರಡು ಆಂಪರ್‌ಸ್ಯಾಂಡ್ ಎಂದರೆ ಮೊದಲ ಕೆಲಸ ಸರಿಯಾಗಿ ಆದರೆ ಮಾತ್ರ ಎರಡನೆಯದು. ಇದನ್ನು ಏಲಿಯಾಸ್‌ನಲ್ಲಿ ಮಾಡಲು ಆಗುವುದಿಲ್ಲ, ಏಕೆಂದರೆ ಕೊಟ್ಟ ಹೆಸರನ್ನು ಎರಡು ಕಡೆ ಇಡಬೇಕು. ಬೇರೆ ಸ್ಕ್ರಿಪ್ಟ್ ಫೈಲ್ ಮಾಡಿ ಓಡಿಸಿದರೂ ಆಗುವುದಿಲ್ಲ. ಸ್ಕ್ರಿಪ್ಟ್ ತನ್ನದೇ ಮರಿ ಶೆಲ್‌ನಲ್ಲಿ ಓಡುತ್ತದೆ. ಅದು ಫೋಲ್ಡರ್ ಬದಲಿಸಿ ಮುಗಿದ ಮೇಲೆ ನೀವು ಇದ್ದಲ್ಲೇ ಇರುತ್ತೀರಿ. ಫಂಕ್ಷನ್ ನಿಮ್ಮ ಶೆಲ್‌ನ ಒಳಗೇ ಓಡುವುದರಿಂದ ಈ ಕೆಲಸಕ್ಕೆ ಅದೇ ಸರಿ.

ಫಂಕ್ಷನ್ ಬರೆಯುವಾಗ ಇವು ನೆನಪಿರಲಿ.

ಡಾಲರ್ ಒಂದರ ಸುತ್ತ ಉದ್ಧರಣ ಚಿಹ್ನೆ ಬಿಡಬೇಡಿ. ‘ಮನೆ ಲೆಕ್ಕ’ ಎಂದು ನಡುವೆ ಜಾಗವಿರುವ ಹೆಸರು ಕೊಟ್ಟಾಗ ಬ್ಯಾಷ್ ಅದನ್ನು ಎರಡು ತುಂಡು ಮಾಡುತ್ತದೆ. ಝಡ್‌ಶೆಲ್ ತುಂಡು ಮಾಡುವುದಿಲ್ಲ ನಿಜ, ಆದರೆ ಅಭ್ಯಾಸ ಒಂದೇ ಇರಲಿ. ಕರೆಯುವಾಗಲೂ ಇಂಥ ಹೆಸರನ್ನು ಉದ್ಧರಣ ಚಿಹ್ನೆಯೊಳಗೇ ಕೊಡಬೇಕು.

ಅಳಿಸುವ ಫಂಕ್ಷನ್ ಬರೆಯುತ್ತಿದ್ದರೆ ಹೆಸರು ಖಾಲಿ ಇದೆಯೇ ಎಂದು ಮೊದಲ ಸಾಲಿನಲ್ಲೇ ನೋಡಿ. ‘ಆರ್‌ಎಮ್ -ಆರ್‌ಎಫ್ "$1"/*’ ಎಂದು ಬರೆದು, ಕರೆಯುವಾಗ ಹೆಸರು ಕೊಡಲು ಮರೆತರೆ ಉಳಿಯುವುದು ಬರೀ ‘/*’. ಅಂದರೆ ಇಡೀ ಸಿಸ್ಟಂ. ಖಾಲಿ ಇದ್ದರೆ ‘ರಿಟರ್ನ್ 1’ ಎಂದು ಹಿಂದಿರುಗಿಸಿ:

ಇಫ್ [[ -ಝಡ್ "$1" ]]; ದೆನ್ ರಿಟರ್ನ್ 1; ಎಫ್‌ಐ

ಇಲ್ಲಿ ‘ಎಕ್ಸಿಟ್’ ಬರೆಯಬೇಡಿ. ಸ್ಕ್ರಿಪ್ಟ್‌ನಲ್ಲಿ ಅದು ಸ್ಕ್ರಿಪ್ಟ್ ಮುಗಿಸುತ್ತದೆ, ಫಂಕ್ಷನ್‌ನಲ್ಲಿ ಟರ್ಮಿನಲ್ ವಿಂಡೋವನ್ನೇ ಮುಚ್ಚಿಸುತ್ತದೆ.

ಒಳಗೆ ಬಳಸುವ ವೇರಿಯಬಲ್‌ಗಳ ಮುಂದೆ ‘ಲೋಕಲ್’ ಹಾಕಿ. ಇಲ್ಲವಾದರೆ ಫಂಕ್ಷನ್ ಮುಗಿದ ಮೇಲೂ ಅವು ಶೆಲ್‌ನಲ್ಲಿ ಉಳಿಯುತ್ತವೆ. ಝಡ್‌ಶೆಲ್‌ನಲ್ಲಿ ಚಿಕ್ಕಕ್ಷರದ ‘ಪಾತ್’ ಎಂಬ ಹೆಸರನ್ನಂತೂ ಇಡಲೇಬೇಡಿ. ಅದು ಕಮಾಂಡ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂಬ ಪಟ್ಟಿಗೆ ಕಟ್ಟಿಕೊಂಡಿದೆ. ಬದಲಿಸಿದರೆ ಫೈಲ್ ಪಟ್ಟಿ ತೋರಿಸುವ ‘ಎಲ್‌ಎಸ್’ ಕೂಡ ಸಿಗುವುದಿಲ್ಲ.

ಇರುವ ಕಮಾಂಡ್‌ನ ಹೆಸರನ್ನೇ ಫಂಕ್ಷನ್‌ಗೆ ಇಟ್ಟು, ಒಳಗೆ ಅದನ್ನೇ ಕರೆದರೆ ಫಂಕ್ಷನ್ ತನ್ನನ್ನು ತಾನೇ ಕರೆಯುತ್ತಾ ಹೋಗುತ್ತದೆ. ಒಳಗಡೆ ‘ಕಮಾಂಡ್ ಎಲ್‌ಎಸ್’ ಎಂದು ಬರೆದರೆ ನಿಜವಾದ ಎಲ್‌ಎಸ್ ಓಡುತ್ತದೆ.

ಮತ್ತೊಂದು ವಿಷಯ. ಫಂಕ್ಷನ್‌ಗಳು ಸುಡೋ ಹಿಂದೆ ಕೆಲಸ ಮಾಡುವುದಿಲ್ಲ, ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲೂ ಸಿಗುವುದಿಲ್ಲ. ಅವು ಇರುವುದು ನಿಮ್ಮ ಶೆಲ್‌ನ ನೆನಪಿನಲ್ಲಿ ಮಾತ್ರ. ಅಂಥ ಕಡೆ ಬೇಕಾದರೆ ಅದನ್ನು ಸ್ಕ್ರಿಪ್ಟ್ ಫೈಲ್ ಮಾಡಿ.

ವಾಟ್ಸ್ಆ್ಯಪ್‌ನಲ್ಲಿ ಅಥವಾ ವರ್ಡ್ ಕಡತದಲ್ಲಿ ಬಂದ ಫಂಕ್ಷನ್ ಅಂಟಿಸಿದವರಿಗೆ ಅರ್ಥವಾಗದ ತಪ್ಪು ಬಂದರೆ ಬಾಗಿದ ಉದ್ಧರಣ ಚಿಹ್ನೆ ಹುಡುಕಿ. ಕನ್ನಡ ಬರಹದ ನಡುವಿನಿಂದ ನಕಲು ಮಾಡಿದ್ದರೆ ಇನ್ನೊಂದು ಸಾಧ್ಯತೆ ಇದೆ. ಒತ್ತಕ್ಷರ ಬೇರೆ ಮಾಡಲು ಬಳಸುವ, ಕಣ್ಣಿಗೆ ಕಾಣದ ಅಕ್ಷರ ಜೊತೆಯಲ್ಲಿ ಬಂದಿರಬಹುದು. ಆ ಸಾಲನ್ನು ಅಳಿಸಿ ಕೈಯಾರೆ ಟೈಪ್ ಮಾಡಿ. ವಿಂಡೋಸ್‌ನಲ್ಲಿ ಬರೆದ ಫೈಲನ್ನು ಡಬ್ಲ್ಯುಎಸ್‌ಎಲ್‌ನಲ್ಲಿ (ವಿಂಡೋಸ್ ಒಳಗೆ ಓಡುವ ಲಿನಕ್ಸ್) ತೆರೆದಾಗ ‘^ಎಮ್’ ಎಂಬ ತಪ್ಪು ಬಂದರೆ ಅದು ಸಾಲಿನ ಕೊನೆಯ ಗುರುತಿನ ತೊಂದರೆ. ಎಡಿಟರ್‌ನಲ್ಲಿ ‘ಎಲ್‌ಎಫ್’ ಆರಿಸಿ ಮತ್ತೆ ಉಳಿಸಿ.

5. ಇದ್ದರೆ ಮಾತ್ರ ಲೋಡ್ ಆಗಲಿ

ಮನೆಯ ಲ್ಯಾಪ್‌ಟಾಪ್‌ನಲ್ಲಿ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಸಾಧನ) ಇರುವುದಿಲ್ಲ, ಆಫೀಸಿನದರಲ್ಲಿ ಇರುತ್ತದೆ. ಎರಡಕ್ಕೂ ಒಂದೇ ಫೈಲ್ ಸಾಕು. ಪ್ಲಗಿನ್ ಸಾಲಿನ ಕೆಳಗೆ, ‘ಸೋರ್ಸ್’ ಸಾಲಿನ ಮೇಲೆ ಇದನ್ನು ಹಾಕಿ:

ಇಫ್ (( $+ಕಮಾಂಡ್ಸ್[ಡಾಕರ್] )); ದೆನ್ ಪ್ಲಗಿನ್ಸ್+=(ಡಾಕರ್); ಎಫ್‌ಐ

ಡಾಕರ್ ಎಂಬ ಕಮಾಂಡ್ ಸಿಕ್ಕರೆ ಮಾತ್ರ ಅದರ ಪ್ಲಗಿನ್ ಸೇರುತ್ತದೆ. ಸಿಂಟ್ಯಾಕ್ಸ್-ಹೈಲೈಟಿಂಗ್ ಬಳಸುತ್ತಿದ್ದರೆ ಅದನ್ನೂ ಹೀಗೇ ‘+=’ ಬರೆದು ಇದರ ಕೆಳಗೆ ಸೇರಿಸಿ, ಆಗ ಅದೇ ಕೊನೆಯದಾಗಿ ಉಳಿಯುತ್ತದೆ.

ಒಂದು ಸಿಸ್ಟಂಗೆ ಮಾತ್ರ ಸೇರಿದ ವಿಷಯಗಳನ್ನು, ಅಂದರೆ ಆಫೀಸಿನ ಪ್ರಾಕ್ಸಿ, ಟೋಕನ್, ಗುಪ್ತ ಕೀಲಿಗಳನ್ನು, ‘.ಝಡ್‌ಎಸ್‌ಎಚ್‌ಆರ್‌ಸಿ.ಲೋಕಲ್’ ಎಂಬ ಬೇರೆ ಫೈಲ್‌ನಲ್ಲಿ ಇಡಿ. ಮುಖ್ಯ ಫೈಲ್‌ನ ಕೊನೆಯಲ್ಲಿ, ಆ ಫೈಲ್ ಇದ್ದರೆ ಮಾತ್ರ ಓದು ಎಂದು ಬರೆಯಿರಿ:

ಇಫ್ [[ -ಆರ್ ~/.ಝಡ್‌ಎಸ್‌ಎಚ್‌ಆರ್‌ಸಿ.ಲೋಕಲ್ ]]; ದೆನ್ ಸೋರ್ಸ್ ~/.ಝಡ್‌ಎಸ್‌ಎಚ್‌ಆರ್‌ಸಿ.ಲೋಕಲ್; ಎಫ್‌ಐ

ಮೈಶೆಲ್ ಫೋಲ್ಡರನ್ನು ಗಿಟ್‌ಹಬ್‌ಗೆ ಹಾಕುವ ಆಸೆ ಇದ್ದವರಿಗೆ ಇದು ಕಡ್ಡಾಯ. ಲೋಕಲ್ ಫೈಲ್ ಅಲ್ಲಿಗೆ ಹೋಗಲೇಬಾರದು. ಒಮ್ಮೆ ಹೋದ ಕೀಲಿಯನ್ನು ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ, ಅಂದರೆ ಗಿಟ್‌ನ ಹಳೆಯ ದಾಖಲೆಗಳಲ್ಲಿ, ಉಳಿದಿರುತ್ತದೆ. ಹಾಗಾದರೆ ಕೀಲಿಯನ್ನೇ ರದ್ದು ಮಾಡಿ ಹೊಸದು ತೆಗೆದುಕೊಳ್ಳಿ.

6. ನಿಧಾನವಾದರೆ ಅಳೆದು ನೋಡಿ

ಊಹೆಯ ಮೇಲೆ ಪ್ಲಗಿನ್ ತೆಗೆಯಬೇಡಿ. ಮೊದಲು ಒಟ್ಟು ಎಷ್ಟು ಹೊತ್ತು ಎಂದು ನೋಡಿ:

ಟೈಮ್ ಝಡ್‌ಎಸ್‌ಎಚ್ -ಐ -ಸಿ ಎಕ್ಸಿಟ್

ಅರ್ಧ ಸೆಕೆಂಡಿನೊಳಗೆ ಇದ್ದರೆ ಸುಮ್ಮನೆ ಬಿಟ್ಟುಬಿಡಿ. ಜಾಸ್ತಿ ಇದ್ದರೆ ಡಾಟ್ ಝಡ್‌ಎಸ್‌ಎಚ್‌ಆರ್‌ಸಿಯ ಮೊದಲ ಸಾಲಿನಲ್ಲಿ ‘ಝಡ್‌ಮಾಡ್‌ಲೋಡ್ ಝಡ್‌ಎಸ್‌ಎಚ್/ಝಡ್‌ಪ್ರೊಫ್’ ಎಂದೂ ಕೊನೆಯ ಸಾಲಿನಲ್ಲಿ ‘ಝಡ್‌ಪ್ರೊಫ್’ ಎಂದೂ ಹಾಕಿ ಹೊಸ ವಿಂಡೋ ತೆರೆಯಿರಿ. ಯಾವ ಫಂಕ್ಷನ್ ಎಷ್ಟು ಹೊತ್ತು ತಿಂದಿತು ಎಂಬ ಪಟ್ಟಿ ಬರುತ್ತದೆ. ನೋಡಿದ ಮೇಲೆ ಎರಡೂ ಸಾಲು ತೆಗೆಯಿರಿ.

ಸಾಮಾನ್ಯವಾಗಿ ಸಿಕ್ಕಿಬೀಳುವವು ಎರಡು. ಒಂದು ಎನ್‌ವಿಎಮ್, ಅಂದರೆ ನೋಡ್‌ನ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಬೇರೆ ಬೇರೆ ಆವೃತ್ತಿಗಳನ್ನು ನೋಡಿಕೊಳ್ಳುವ ಸಾಧನ. ಅದರ ಪ್ಲಗಿನ್‌ಗೆ ‘ಲೇಜಿ’ ಎಂಬ ಸೆಟ್ಟಿಂಗ್ ಇದೆ. ‘ಸೋರ್ಸ್’ ಸಾಲಿನ ಮೇಲೆ ಹೀಗೆ ಬರೆದರೆ ನೀವು ನೋಡ್ ಕರೆದಾಗಷ್ಟೇ ಅದು ಏಳುತ್ತದೆ:

ಝಡ್‌ಸ್ಟೈಲ್ ':ಓಎಮ್‌ಝಡ್:ಪ್ಲಗಿನ್ಸ್:ಎನ್‌ವಿಎಮ್' ಲೇಜಿ ಯೆಸ್

ಇನ್ನೊಂದು ‘ಕಂಪ್‌ಇನಿಟ್’. ಟ್ಯಾಬ್ ಸಲಹೆಗಳನ್ನು ಸಿದ್ಧ ಮಾಡುವ ಕೆಲಸ ಇದರದ್ದು. ಓ ಮೈ ಝಡ್‌ಶೆಲ್ ಇದನ್ನು ತಾನೇ ಮಾಡುತ್ತದೆ. ಆದರೆ ಹಲವು ಸಾಧನಗಳ ಇನ್‌ಸ್ಟಾಲರ್‌ಗಳು ಇದೇ ಸಾಲನ್ನು ಫೈಲ್‌ನ ಕೊನೆಗೆ ಮತ್ತೆ ಸೇರಿಸಿಬಿಡುತ್ತವೆ. ಹೊಸ ಸಾಧನ ಹಾಕಿದಾಗಲೆಲ್ಲ ಫೈಲ್‌ನ ಕೊನೆಯನ್ನೊಮ್ಮೆ ನೋಡುವ ರೂಢಿ ಮಾಡಿಕೊಳ್ಳಿ.

7. ಹೆಸರುಗಳ ಜಗಳ ಬಿಡಿಸುವುದು

ಒಂದು ಹೆಸರು ಎಲ್ಲಿಂದ ಬಂತು ಎಂದು ತಿಳಿಯಲು ‘ಟೈಪ್’ ಎಂದು ಬರೆದು ಪಕ್ಕದಲ್ಲಿ ಆ ಹೆಸರು ಕೊಡಿ. ಏಲಿಯಾಸೋ, ಫಂಕ್ಷನ್ನೋ, ನಿಜವಾದ ಪ್ರೋಗ್ರಾಮೋ ಎಂದು ಹೇಳುತ್ತದೆ. ಫಂಕ್ಷನ್ ಆಗಿದ್ದರೆ ಯಾವ ಫೈಲ್‌ನಿಂದ ಎಂಬುದನ್ನೂ ತೋರಿಸುತ್ತದೆ.

‘ಜಿಪಿ’ ಎಂಬ ಫಂಕ್ಷನ್ ಬರೆದಿರಿ, ಟರ್ಮಿನಲ್ ತೆರೆದರೆ ‘ಪಾರ್ಸ್ ಎರರ್’ ಬರುತ್ತದೆ ಎಂದುಕೊಳ್ಳಿ. ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ಗಿಟ್ ಪ್ಲಗಿನ್ ಮೊದಲೇ ‘ಜಿಪಿ’ಯನ್ನು ಗಿಟ್ ಪುಶ್‌ಗೆ ಏಲಿಯಾಸ್ ಮಾಡಿಟ್ಟಿದೆ. ಪ್ಲಗಿನ್‌ಗಳು ಓದಿ ಆದ ಮೇಲೆ ನಿಮ್ಮ ಫೈಲ್ ಬರುವುದರಿಂದ ಎರಡೂ ಡಿಕ್ಕಿ ಹೊಡೆಯುತ್ತವೆ. ಫಂಕ್ಷನ್‌ನ ಮೇಲಿನ ಸಾಲಿನಲ್ಲಿ ‘ಅನ್‌ಏಲಿಯಾಸ್ ಜಿಪಿ’ ಎಂದು ಬರೆದರೆ ಸರಿಹೋಗುತ್ತದೆ. ಇದಕ್ಕಿಂತ ಒಳ್ಳೆಯದೆಂದರೆ ನಿಮ್ಮ ಫಂಕ್ಷನ್‌ಗಳ ಹೆಸರನ್ನೆಲ್ಲ ನಿಮ್ಮದೇ ಎರಡಕ್ಷರದಿಂದ ಶುರು ಮಾಡುವುದು. ಆ ಎರಡಕ್ಷರ ಟೈಪ್ ಮಾಡಿ ಟ್ಯಾಬ್ ಒತ್ತಿದರೆ ನೀವು ಬರೆದದ್ದೆಲ್ಲ ಸಾಲಾಗಿ ಕಾಣುತ್ತದೆ, ಹೆಸರು ನೆನಪಿಡುವ ಕಷ್ಟವೂ ಇಲ್ಲ.

ಬ್ಯಾಷ್‌ನಲ್ಲೇ ಇರುವವರಿಗೆ

ಬ್ಯಾಷ್-ಇಟ್ ಎಂಬ ಫ್ರೇಮ್‌ವರ್ಕ್ ಇದೇ ಕೆಲಸ ಮಾಡುತ್ತದೆ. ‘ಬ್ಯಾಷ್-ಇಟ್ ಶೋ ಪ್ಲಗಿನ್ಸ್’ ಎಂದರೆ ಪಟ್ಟಿ, ‘ಬ್ಯಾಷ್-ಇಟ್ ಎನೇಬಲ್ ಪ್ಲಗಿನ್ ಗಿಟ್’ ಎಂದರೆ ಸೇರಿಸುವುದು, ‘ಡಿಸೇಬಲ್’ ಎಂದರೆ ತೆಗೆಯುವುದು. ಫಂಕ್ಷನ್ ಬರೆಯುವ ಎಚ್ಚರಿಕೆಗಳು ಇಲ್ಲಿಗೂ ಹೊಂದುತ್ತವೆ. 5ನೇ ಹಂತದ ‘ಕಮಾಂಡ್ಸ್’ ಬರಹ ಮಾತ್ರ ಝಡ್‌ಶೆಲ್‌ನದ್ದು. ಬ್ಯಾಷ್‌ನಲ್ಲಿ ‘ಕಮಾಂಡ್ -ವಿ’ ಬಳಸಿ. ಮ್ಯಾಕ್ ಜೊತೆ ಬರುವ ಬ್ಯಾಷ್ 3.2 ಬಹಳ ಹಳೆಯದು. ಹೊಸ ಪ್ಲಗಿನ್‌ಗಳು ಕೈಕೊಟ್ಟರೆ ಮೊದಲು ಅದನ್ನೇ ನೋಡಿ.

8. ತೆಗೆದುಹಾಕುವಾಗ

ಒಂದು ಪ್ಲಗಿನ್ ತೆಗೆಯಲು ಮೊದಲು ಸಾಲಿನಿಂದ ಹೆಸರು ಅಳಿಸಿ, ಹೊಸ ವಿಂಡೋ ತೆರೆದು ನೋಡಿ, ಆಮೇಲೆ ಅದರ ಫೋಲ್ಡರ್ ಅಳಿಸಿ. ಈಗ ತೆರೆದಿರುವ ವಿಂಡೋದಿಂದ ಮಾತ್ರ ಒಂದು ಫಂಕ್ಷನ್ ಹೋಗಬೇಕಿದ್ದರೆ ‘ಅನ್‌ಫಂಕ್ಷನ್’ ಎಂದು ಹೆಸರಿನ ಜೊತೆ ಕೊಡಿ. ಬ್ಯಾಷ್‌ನಲ್ಲಿ ‘ಅನ್‌ಸೆಟ್ -ಎಫ್’.

ಇಡೀ ಓ ಮೈ ಝಡ್‌ಶೆಲ್ ಬೇಡ ಅನ್ನಿಸಿದರೆ ‘ಅನ್‌ಇನ್‌ಸ್ಟಾಲ್_ಓ_ಮೈ_ಝಡ್‌ಎಸ್‌ಎಚ್’ ಎಂಬ ಕಮಾಂಡ್ ಇದೆ. ಅದು ಒಮ್ಮೆ ಕೇಳಿ ಖಚಿತ ಮಾಡಿಕೊಂಡು ತನ್ನ ಫೋಲ್ಡರನ್ನು ಪೂರ್ತಿ ಅಳಿಸುತ್ತದೆ. ಕಸ್ಟಮ್ ಫೋಲ್ಡರ್ ಇನ್ನೂ ಅದರೊಳಗೇ ಇದ್ದರೆ ನೀವು ಬರೆದ ಫಂಕ್ಷನ್‌ಗಳೂ ಜೊತೆಗೆ ಹೋಗುತ್ತವೆ. 4ನೇ ಹಂತದಲ್ಲಿ ಹೇಳಿದ ಹಾಗೆ ಮೈಶೆಲ್ ಫೋಲ್ಡರ್ ಹೊರಗೆ ಇದ್ದರೆ ಅವಕ್ಕೇನೂ ಆಗುವುದಿಲ್ಲ. ಆಮೇಲೆ ಡಾಟ್ ಝಡ್‌ಎಸ್‌ಎಚ್‌ಆರ್‌ಸಿಯಲ್ಲಿ ಆ ಫೋಲ್ಡರ್‌ನ ಫೈಲ್‌ಗಳನ್ನು ಒಂದೊಂದಾಗಿ ‘ಸೋರ್ಸ್’ ಮಾಡಿಕೊಳ್ಳಿ. ಫ್ರೇಮ್‌ವರ್ಕ್ ಇಲ್ಲದೆಯೂ ಅವು ಮೊದಲಿನಂತೆಯೇ ಓಡುತ್ತವೆ. ‘ಅನ್‌ಏಲಿಯಾಸ್’ ಸಾಲುಗಳನ್ನು ಮಾತ್ರ ತೆಗೆಯಿರಿ, ಅಳಿಸಲು ಆ ಏಲಿಯಾಸ್‌ಗಳು ಈಗ ಇರುವುದಿಲ್ಲ.